ನಗು ವಾಪಸ್ ಕೇಳಿದ ಸಿಸ್ಟರ್

ನನ್ನ ಹೆತ್ತಮ್ಮ ಒಂದು ದಿನವೂ ಗದರಿಸದಷ್ಟು ಜೋರಾಗಿ ನನ್ನನ್ನು ಗದರಿಸಿದವರು ಅವರು. ನ್ಯೂಜೆರ್ಸಿಯ ಒಂದು ಆಸ್ಪತ್ರೆಯ ಹೆರಿಗೆ ಕೋಣೆ. ನೋವು ತಡೆಯಲಾರದೆ, ಕಲಿತ ಇಂಗ್ಲಿಷೆಲ್ಲ ಮರೆತು, "ಅಮ್ಮಾ, ಸತ್ತೆ" ಎಂದು ಕಿರುಚಿದೆ. ಮಾನಿಟರ್ ನೋಡುತ್ತ ನಿಂತಿದ್ದ ಗಿಡ್ಡನೆಯ ನರ್ಸ್ ನನ್ನ ಕಡೆ ತಿರುಗದೆಯೇ, "ಯಾರೂ ಸಾಯೂದಿಲ್ಲ. ಒದರಬ್ಯಾಡ. ಉಸಿರೆಲ್ಲ ಒದರಾಕ ಖರ್ಚ್ ಮಾಡಿದ್ರ ಕೂಸಿಗೆ ಏನ್ ಉಳಸ್ತಿ?" ಎಂದರು. ನೋವಿನ ನಡುವೆಯೂ ನಾನು ಬಾಯಿಬಿಟ್ಟುಕೊಂಡು ನೋಡಿದೆ. ಅಮೆರಿಕದ ಆಸ್ಪತ್ರೆಯಲ್ಲಿ ಕನ್ನಡ, ಅದೂ ಗದಗ ಕಡೆಯ ಕನ್ನಡ.

ಕಳೆದ ತಿಂಗಳು ಅವರನ್ನು ಮಣ್ಣು ಮಾಡಿ ಬಂದೆವು. ಹೆಸರು ಬರೆಯುವುದಿಲ್ಲ. ಬರೆದರೆ, "ಯಾರ್ನ ಕೇಳಿ ಹಾಕಿದಿ? ಪರ್ಮಿಷನ್ ತಗೊಂಡಿಯೇನು?" ಎಂದು ಅಲ್ಲಿಂದಲೇ ಕೇಳುವ ಪೈಕಿ ಅವರು. ನಮ್ಮ ಕಡೆಯ ಕನ್ನಡದವರಿಗೆಲ್ಲ ಅವರು 'ಸಿಸ್ಟರ್'. ಪಿಸ್ಕಾಟವೇ, ಎಡಿಸನ್, ಬ್ರಿಡ್ಜ್‌ವಾಟರ್ ಸುತ್ತಮುತ್ತ ಈಗ ಕಾಲೇಜು ಓದುತ್ತಿರುವ, ಕೆಲಸಕ್ಕೂ ಸೇರಿರುವ ನಮ್ಮ ಮಕ್ಕಳಲ್ಲಿ ಎಷ್ಟೋ ಜನರನ್ನು ಈ ಲೋಕದಲ್ಲಿ ಮೊದಲು ಮುಟ್ಟಿದ್ದು ಅವರ ಕೈ. ಅವರಿಗೆ ಮದುವೆಯಾಗಿರಲಿಲ್ಲ. ಯಾರಾದರೂ ಅಯ್ಯೋ ಪಾಪ ಎನ್ನುವ ಮುಖ ಮಾಡಿದರೆ, "ದಿನಾ ಒಂದೊಂದು ಹಿಡದು ಹಿಡದು ಕೈ ಸೋತಾವ, ಮನ್ಯಾಗ ಬ್ಯಾರೆ ಬೇಕೇನು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಬೆಟಗೇರಿಯ ನೇಕಾರರ ಮಗಳು, ಕ್ರಿಶ್ಚಿಯನ್ ಮನೆತನ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಕುವೈತಿನಲ್ಲಿ ದುಡಿದು, ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನ ಬೇಸ್‌ಮೆಂಟಿನಲ್ಲಿ ಒಂದಷ್ಟು ವರ್ಷ ಕಳೆದು, ಕಡೆಗೆ ಪಿಸ್ಕಾಟವೇಯಲ್ಲಿ ಕಾಂಡೊ ಕೊಂಡವರು. ಬಟ್ಟೆ ಕಂಡರೆ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡದೆ ಬಿಡುತ್ತಿರಲಿಲ್ಲ. ನಿಮ್ಮ ಮೈಮೇಲಿದ್ದರೂ ಸರಿಯೇ. ಇನ್ನೊಂದು ಅಭ್ಯಾಸವೆಂದರೆ ಸುತ್ತುವುದು. ಚಪಾತಿಯನ್ನು ನ್ಯಾಪ್ಕಿನ್ನಿನಲ್ಲಿ, ಮಾವಿನಹಣ್ಣನ್ನು ಪೇಪರಿನಲ್ಲಿ, ಏನು ಕೊಟ್ಟರೂ ಕೂಸಿಗೆ ಬಟ್ಟೆ ಸುತ್ತುವ ಹಾಗೆ ಮೂಲೆ ಮಡಿಚಿ, ಬಿಗಿಮಾಡಿ, ಮೇಲೊಮ್ಮೆ ತಟ್ಟಿ ಕೊಡುತ್ತಿದ್ದರು.

ಅವರ ಬಾಯಲ್ಲಿ ಸದಾ ಒಂದೇ ಮಂತ್ರ: "ರೂಲ್ ಅಂದ್ರ ರೂಲ್." ಹೆರಿಗೆ ಕೋಣೆಗೆ ಇಬ್ಬರೇ ಎಂದರೆ ಇಬ್ಬರೇ. ನನ್ನ ಅತ್ತೆ ಫ್ಲಾಸ್ಕಿನಲ್ಲಿ ಗುಟ್ಟಾಗಿ ತಂದಿದ್ದ ಕಷಾಯವನ್ನು ಅವರ ಕಣ್ಣೆದುರೇ ಸಿಂಕಿಗೆ ಸುರಿದರು. ಅತ್ತೆ ಆ ದುಃಖವನ್ನು ಇಂದಿಗೂ ಮರೆತಿಲ್ಲ. ಆದರೆ ಮರುವಾರ ಅದೇ ಸಿಸ್ಟರ್ ಡ್ಯೂಟಿ ಮುಗಿಸಿ, ಬಾಣಂತಿಗೆಂದು ಡಬ್ಬಿ ತುಂಬ ಅಂಟಿನುಂಡೆ ಕಟ್ಟಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದಿದ್ದರು. "ಆಸ್ಪತ್ರ್ಯಾಗ ಆಸ್ಪತ್ರಿ ರೂಲ್, ಮನ್ಯಾಗ ನಮ್ಮವ್ವನ ರೂಲ್. ತಿನ್ನು" ಎಂದರು. ಅಂದಿನಿಂದ ನಾನು ಅವರಿಗೆ 'ಮೈಸೂರ ಪಾಕ' ಆದೆ. ಮೈಸೂರಿನವಳು ಮತ್ತು ಮುಟ್ಟಿದರೆ ಪುಡಿಯಾಗುವವಳು, ಎರಡೂ ಕಾರಣಕ್ಕೆ.

ಯಾವ ಮನೆಯ ಊಟಕ್ಕೆ ಸಿಸ್ಟರ್ ಬಂದರೂ ಎಲೆ ಎತ್ತುವ ಮುಂಚೆ ಯಾರಾದರೊಬ್ಬರು, "ಸಿಸ್ಟರ್, ಆ ಐಸ್‌ಕ್ರೀಂ ಡಬ್ಬಿ ಕತೆ" ಎನ್ನುತ್ತಿದ್ದರು. ಅವರೂ ಮೊದಲು ಬ್ಯಾಡ ಬ್ಯಾಡ ಎಂದು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಲ್ಲುತ್ತಿದ್ದರು. ಕತೆ ಇಷ್ಟೆ. ಒಂದು ದಿನ ಹೆರಿಗೆಗೆ ಹ್ಮಾಂಗ್ ಜನ ಬಂದರಂತೆ. ಲಾವೋಸ್, ವಿಯೆಟ್ನಾಂ ಕಡೆಯ ಗುಡ್ಡಗಾಡಿನವರು, ಮಿನೆಸೋಟದಿಂದ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದರು. ಎಳೆ ಗಂಡ ಹೆಂಡತಿ, ಜೊತೆಗೊಬ್ಬಳು ಮುದುಕಿ. ಮುದುಕಿಯ ಕೈಯಲ್ಲಿ ತೊಳೆದ ಖಾಲಿ ಐಸ್‌ಕ್ರೀಂ ಡಬ್ಬಿ. ಹೆರಿಗೆಯಾಯಿತು, ಗಂಡು ಕೂಸು. ಕೂಸಿನ ಬೆನ್ನಿಗೇ ಹೊಕ್ಕುಳಬಳ್ಳಿಯ ಮಾಸು ಹೊರಗೆ ಬಿದ್ದದ್ದೇ ತಡ, ಮುದುಕಿ ಎದ್ದು ಬಂದು ಡಬ್ಬಿ ಚಾಚಿದಳು. ಅಪ್ಪನಾದ ಹುಡುಗ ತಲೆ ತಗ್ಗಿಸಿ, "ಅಜ್ಜಿಗೆ ಅದು ಬೇಕಂತೆ, ಮನೆಗೆ ತಗೊಂಡು ಹೋಗ್ತಾರಂತೆ" ಎಂದ. ಇಲ್ಲಿ ಸಿಸ್ಟರ್ ಮುದುಕಿಯ ಹಾಗೆ ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಸಾರಿನ ಬಟ್ಟಲನ್ನು ಚಾಚಿ ತೋರಿಸುತ್ತಿದ್ದರು. ಆಮೇಲೆ ನೆಟ್ಟಗೆ ನಿಂತು, "ನಾ ಏನ್ ಅಂದೆ ಗೊತ್ತೇನು? ಮುದುಕವ್ವಾ, ಇದು ಆಸ್ಪತ್ರಿ, ಇಲ್ಲಿ ಪಾರ್ಸಲ್ ಕೊಡಂಗಿಲ್ಲ!" ಎನ್ನುತ್ತಿದ್ದರು. ಮನೆ ಮನೆಯೇ ಬಿದ್ದು ಬಿದ್ದು ನಗುತ್ತಿತ್ತು. ಅಡುಗೆ ಮಾಡಿ ತಿನ್ನಲಿಕ್ಕೆ ಕೇಳಿದರೆಂದೇ ಎಲ್ಲರೂ ತಿಳಿದಿದ್ದೆವು, ಸಿಸ್ಟರೂ ಹಾಗೇ ತಿಳಿದಿದ್ದರು.

ಈ ಕತೆ ಮೊದಲು ಕೇಳಿದವಳು ನಾನು. ಅದು ನಡೆದ ವಾರವೇ ನನ್ನ ಹೆರಿಗೆ. ನೋವಿನ ಅಲೆಯೊಂದು ಇಳಿದು ಇನ್ನೊಂದು ಏಳುವ ನಡುವೆ, ನನ್ನ ಮನಸ್ಸು ಬೇರೆ ಕಡೆ ತಿರುಗಿಸಲೆಂದು, "ಮೊನ್ನೆ ಏನಾತು ಕೇಳ" ಎಂದು ಹೇಳಿದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿರುವಾಗಲೇ ಮುಂದಿನ ಅಲೆ ಬಂತು.

ರಿಟೈರ್ ಆದಾಗ ಅವರಿಗೆ ತಿರುಗಾಟದ ಹುಚ್ಚು ಹಿಡಿಯಿತು. ನನ್ನ ಗಂಡ ಸೋಫಾ ಬಿಟ್ಟು ಕದಲುವವರಲ್ಲ, ಹಾಗಾಗಿ ಜೊತೆಗೆ ನಾನು. ವಿಯೆಟ್ನಾಮಿನ ಟೂರಿನ ವಿವರದಲ್ಲಿ, ಹ್ಮಾಂಗ್ ಹಳ್ಳಿಗಳಲ್ಲಿ ನಡಿಗೆ, ಭಾನುವಾರದ ಸಂತೆ ಎಂದು ಕಂಡದ್ದೇ ಸಿಸ್ಟರ್ ಹಿಗ್ಗಿದರು. "ಏ ಮೈಸೂರ ಪಾಕಾ! ನನ್ನ ಐಸ್‌ಕ್ರೀಂ ಡಬ್ಬಿ ಮಂದಿ! ಅವರಿಗೆ ಆ ಕತಿ ಹೇಳಿ ನಗಸ್ತೇನಿ ನೋಡು." ಪಾಪ, ನಿಜವಾಗಿಯೂ ಅದು ಅವರಿಗೆ ಕೊಡುವ ಉಡುಗೊರೆ ಎಂದೇ ಭಾವಿಸಿದ್ದರು.

ಸಾಪಾ ಎಂಬ ಗುಡ್ಡದ ಊರಿನಲ್ಲಿ ನಮ್ಮ ಗೈಡ್ ಪಾಂಗ್ ಎಂಬ ಹ್ಮಾಂಗ್ ಹೆಣ್ಣುಮಗಳು. ಇಪ್ಪತ್ತೈದರ ಆಸುಪಾಸು. ನೀಲಿಯಲ್ಲಿ ಅದ್ದಿ ಅದ್ದಿ ಕಪ್ಪೇ ಆದ ನಾರಿನ ಅಂಗಿ, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ನಾವು ದುಬಾರಿ ಶೂ ಹಾಕಿಕೊಂಡೂ ಕೆಸರಿನಲ್ಲಿ ಜಾರುತ್ತಿದ್ದರೆ ಅವಳು ಬೆನ್ನಿಗೆ ಬುಟ್ಟಿ ಹಾಕಿಕೊಂಡು ಹಿಂದುಹಿಂದಾಗಿ ನಡೆಯುತ್ತ ನಮ್ಮ ಕೈ ಹಿಡಿಯುತ್ತಿದ್ದಳು. ಚಿಕ್ಕವಳಿದ್ದಾಗ ಪ್ರವಾಸಿಗರಿಗೆ ಬಳೆ ಮಾರುತ್ತ ಕಲಿತ ಇಂಗ್ಲಿಷು. ಅವಳ ಬೆರಳುಗಳೆಲ್ಲ ನೀಲಿ. ಸಿಸ್ಟರ್ ಆ ಕೈ ಹಿಡಿದು ತಿರುಗಿಸಿ ನೋಡಿ, "ನಮ್ಮಪ್ಪನ ಕೈನೂ ಹಿಂಗ ಇತ್ತು ನೋಡು, ಬಣ್ಣದ ವಾರ ಊಟಕ್ಕ ಕುಂತ್ರ ರೊಟ್ಟಿಗೂ ಬಣ್ಣ" ಎಂದು ನನಗೆ ಹೇಳಿದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳ ಫೋಟೋಗೆಂದು ಬಂದವರಿಗೆ ಮುಂದಿನವರ ಬೆನ್ನಷ್ಟೇ ಕಾಣುತ್ತಿತ್ತು. ಮಾರುವ ಹೆಂಗಸರು ಹಿಂದೆ ಹಿಂದೆಯೇ ಬರುತ್ತಿದ್ದರು. ಎರಡು ಹಳ್ಳಿ ದಾಟುವಷ್ಟರಲ್ಲಿ ಸಿಸ್ಟರ್ ಅವರ ಜೊತೆ ಚೌಕಾಸಿ ಮಾಡಿ, ಬೈದು, ತಬ್ಬಿಕೊಂಡು, ನೆಂಟಸ್ತನ ಬೆಳೆಸಿಬಿಟ್ಟಿದ್ದರು.

ಮೂರನೆಯ ಹಳ್ಳಿಯಲ್ಲಿ ಪಾಂಗ್‌ಳ ಮನೆ. ಮರದ ಗೋಡೆ, ಮಣ್ಣಿನ ನೆಲ, ಅಟ್ಟದ ತೊಲೆಗೆ ಜೋಳದ ತೆನೆ ಸಾಲು, ನಡುಮನೆಯಲ್ಲಿ ಒಂದು ದಪ್ಪ ಕಂಬ. ಬಾಗಿಲ ಹತ್ತಿರ ನೀಲಿ ಬಣ್ಣ ಕಲಸಿಟ್ಟ ಹರವಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಒಲೆಯ ಮುಂದೆ ಅವಳ ಅತ್ತೆ ಕೂತು ಸೆಣಬಿನ ಕಡ್ಡಿಯಿಂದ ನಾರು ಸುಲಿಯುತ್ತಿದ್ದಳು. ನಮಗೂ ಮಣೆ ಹಾಕಿ ಚಹಾ ಕೊಟ್ಟರು. ಸಿಸ್ಟರ್ ಗಂಟಲು ಸರಿಮಾಡಿಕೊಂಡರು. ನನಗೆ ಗೊತ್ತಾಯಿತು, ಡಬ್ಬಿ ಬಂತು ಎಂದು.

ಒಂದೊಂದು ವಾಕ್ಯ ಇವರು ಇಂಗ್ಲಿಷಿನಲ್ಲಿ ಹೇಳುವುದು, ಪಾಂಗ್ ಅದನ್ನು ಅತ್ತೆಗೆ ತಮ್ಮ ಮಾತಿನಲ್ಲಿ ಹೇಳುವುದು. ನಿಮ್ಮವರೊಬ್ಬರು ಅಮೆರಿಕದಲ್ಲಿ ಹೆರಿಗೆಗೆ ಬಂದಿದ್ದರು ಎಂದದ್ದಕ್ಕೆ ಅತ್ತೆ ಖುಷಿಯಾಗಿ ನಾರು ಬದಿಗಿಟ್ಟಳು. ಗಂಡು ಕೂಸು ಎಂದದ್ದಕ್ಕೆ ತಲೆಯಾಡಿಸಿದಳು. ಅಜ್ಜಿ ಡಬ್ಬಿ ತಂದಿದ್ದಳು ಎಂದಾಗ, ಸರಿಯಾದದ್ದೇ ಮಾಡಿದಳು ಎನ್ನುವ ಹಾಗೆ ಏನೋ ಅಂದಳು. ಸಿಸ್ಟರಿಗೆ ಇನ್ನೂ ಹುರುಪು ಬಂತು. ಎದ್ದು ನಿಂತು, ಸೊಂಟ ಬಗ್ಗಿಸಿ, ಚಹಾದ ಬಟ್ಟಲು ಚಾಚಿ, ಪಾರ್ಸಲ್ ಇಲ್ಲ ಎಂದು ಮುಗಿಸಿದರು. ಪಾಂಗ್ ಅದನ್ನು ಅತ್ತೆಗೆ ಹೇಳಲಿಲ್ಲ. ಅತ್ತೆ ಸೊಸೆಯ ಮುಖ ನೋಡಿ, ಏನು ಎಂದು ಕೇಳಿದಳು. ಪಾಂಗ್ ನಮ್ಮ ಕಡೆ ತಿರುಗಿ, "ಆಮೇಲೆ ಕೊಟ್ರಾ?" ಎಂದಳು.

"ಇಲ್ಲವ್ವಾ, ರೂಲ್ ಇದ್ದಿಲ್ಲ" ಎಂದರು ಸಿಸ್ಟರ್, ಇನ್ನೂ ನಗುಮುಖದಲ್ಲೇ. ಪಾಂಗ್ ಅದನ್ನು ಅತ್ತೆಗೆ ಹೇಳಿದಳು. ಆ ಹೆಂಗಸು ನಾರಿನ ಕಟ್ಟು ಎತ್ತಿಕೊಂಡು, ನಮ್ಮ ಕಡೆ ನೋಡದೆ, ಹಿಂಬಾಗಿಲಿಂದ ಹೊರಗೆ ಹೋದಳು.

ಪಾಂಗ್ ಸಿಟ್ಟು ಮಾಡಲಿಲ್ಲ. ಹಳ್ಳಿ ತೋರಿಸುವ ದನಿಯಲ್ಲೇ ವಿವರಿಸಿದಳು. ಅವರಲ್ಲಿ ಮಾಸು ಎಂದರೆ ಕೂಸಿನ ಮೊದಲ ಅಂಗಿ. ಗಂಡಾದರೆ ನಡುಮನೆಯ ಕಂಬದ ಬುಡಕ್ಕೆ, ಹೆಣ್ಣಾದರೆ ಅಪ್ಪ ಅಮ್ಮನ ಮಂಚದ ಕೆಳಗೆ ಹೂಳುತ್ತಾರೆ. ಯಾರಾದರೂ ಸತ್ತಾಗ ತಿಳಿದ ಹಿರಿಯರೊಬ್ಬರು ಕೂತು ಹಾಡಿ ದಾರಿ ಹೇಳುತ್ತಾರೆ. ಸತ್ತವರು ಕಡೆಯ ಮನೆಯಿಂದ ಹಿಂದಕ್ಕೆ ಹೊರಡಬೇಕು. ಬಾಳಿದ ಒಂದೊಂದು ಊರಿಗೂ ಹೋಗಿ, ಇಲ್ಲಿಯ ನೀರು ಕುಡಿದೆ, ಇಲ್ಲಿಯ ಸೌದೆ ಉರಿಸಿದೆ ಎಂದು ಋಣ ಹೇಳಿ, ಮುಂದಿನ ಊರು. ಹಾಗೆ ಹುಟ್ಟಿದ ಮನೆಯವರೆಗೆ. ಅಲ್ಲಿ ಹೂತ ಅಂಗಿ ತೆಗೆದು ತೊಟ್ಟುಕೊಂಡರೆ ಮಾತ್ರ ಮೊದಲೇ ಹೋದ ಅಜ್ಜ ಅಜ್ಜಿಯರು ಗುರುತು ಹಿಡಿದು ಒಳಗೆ ಕರೆಯುತ್ತಾರೆ. "ನನ್ನ ಮಗಳು ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲಿ. ಅವರೂ ಕೊಡಲ್ಲ ಅಂದ್ರು. ಅತ್ತೆ ಬಾಗಿಲಲ್ಲಿ ಕೂತು ಜಗಳ ಆಡಿ ಪ್ಲಾಸ್ಟಿಕ್ ಚೀಲದಲ್ಲಿ ಇಸ್ಕೊಂಡು ಬಂದ್ರು" ಎಂದು ಒಳಕೋಣೆಯ ಮಂಚದ ಕಡೆ ಕೈ ತೋರಿಸಿದಳು.

"ಅಂಗಿ ಸಿಗದಿದ್ದವರು?" ಎಂದು ಸಿಸ್ಟರ್ ಕೇಳಿದರು.

"ಸುತ್ತುತ್ತಾ ಇರ್ತಾರೆ" ಎಂದಳು ಪಾಂಗ್. "ಚಹಾ ಆರಿತು, ಬೇರೆ ಕೊಡಲಾ?"

ಸಿಸ್ಟರ್ ಬೇಡವೆಂದರು. ವಾಪಸ್ ಬರುವಾಗ ಯಾರ ಕೈಯನ್ನೂ ಹಿಡಿಯದೆ ಕೆಸರಿನಲ್ಲಿ ಎರಡು ಸಲ ಬಿದ್ದರು.

ಮರುದಿನ ಭಾನುವಾರದ ಸಂತೆ. ವ್ಯಾನಿನಲ್ಲಿ ದೂರದ ದಾರಿ. ಅದು ಬಣ್ಣಬಣ್ಣದ ಲಂಗದ ಇನ್ನೊಂದು ಹ್ಮಾಂಗ್ ಪಂಗಡದವರ ಸಂತೆ, ಎಮ್ಮೆ ಸಾಲು, ಕಾಲು ಕಟ್ಟಿದ ಕೋಳಿ, ಕುದುರೆ ಮಾಂಸ ಕುದಿಯುವ ದೊಡ್ಡ ಕಡಾಯಿ, ಜೋಳದ ಸಾರಾಯಿ, ಕಬ್ಬಿಣದ ನೇಗಿಲ ಕುಳ. ಬೇರೆ ದಿನವಾಗಿದ್ದರೆ ಸಿಸ್ಟರನ್ನು ಅಲ್ಲಿಂದ ಎಳೆದು ತರಬೇಕಾಗುತ್ತಿತ್ತು. ಬೆಟಗೇರಿ ಸಂತೆಯಲ್ಲಿ ಚೌಕಾಸಿ ಕಲಿತವರು ಅವರು. ಅಂದು ಬೆಲೆ ಕೇಳಲೇ ಇಲ್ಲ. ನೆಲದ ಮೇಲೆ ಮೆಣಸಿನಕಾಯಿ, ಶುಂಠಿ ಗುಡ್ಡೆ ಹಾಕಿ ಕೂತ ಒಬ್ಬೊಬ್ಬ ಮುದುಕಿಯ ಮುಂದೆಯೂ ನಿಂತು ಮುಖ ನೋಡುತ್ತಿದ್ದರು. ಆ ಮಿನೆಸೋಟದ ಮುದುಕಿ ಇಲ್ಲೆಲ್ಲಿ ಸಿಗಬೇಕು? ನಾನು ಅದನ್ನು ಹೇಳಿಯೂ ಹೇಳಿದೆ. "ಗೊತ್ತೈತಿ, ಸುಮ್ನಿರು" ಎಂದರು.

ಬಟ್ಟೆಯ ಸಾಲಿನಲ್ಲಿ ಮಾತ್ರ ಕಾಲು ನಿಂತಿತು. ಬಣ್ಣ ಹಾಕದ ನಾರಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿದರು. ಬಹಳ ಹೊತ್ತು ಉಜ್ಜಿದರು. ಆಮೇಲೆ ಪಾಂಗ್‌ಳನ್ನು, "ಇದರಾಗ ಇನ್ನೊಂದು ಅಂಗಿ ಹೊಲದ್ರ ನಡೀತೈತೇನು, ಕೇಳು ಅವಳ್ನ" ಎಂದು ನನ್ನ ಮೂಲಕ ಕೇಳಿಸಿದರು. ಅವರ ಇಂಗ್ಲಿಷ್ ಆ ಹೊತ್ತಿಗೆ ಕೈಕೊಟ್ಟಿತ್ತು. ಪಾಂಗ್ ಯೋಚನೆ ಮಾಡಿದಳು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಟಿಪ್ಸ್ ಆದರೂ ಹೆಚ್ಚು ಸಿಗುತ್ತಿತ್ತು. "ಇಲ್ಲ ಸಿಸ್ಟರ್. ಅದು ಹೊಲಿಯೋ ಅಂಗಿ ಅಲ್ಲ" ಎಂದಳು. ಸಿಸ್ಟರ್ ಬಟ್ಟೆಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಚಿ, ಮೇಲೆ ತಟ್ಟಿ, ಅಂಗಡಿಯವಳಿಗೆ ವಾಪಸ್ ಕೊಟ್ಟರು. ಸಂತೆಯಿಂದ ಅವರು ಬರಿಗೈಯಲ್ಲಿ ಹೊರಟದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ವ್ಯಾನಿನಲ್ಲಿ ನಾನು ಸಮಾಧಾನ ಮಾಡಹೋದೆ. ನಿಮಗೇನು ಗೊತ್ತಿತ್ತು ಸಿಸ್ಟರ್, ಅವರ ಪದ್ಧತಿ ಅವರಿಗೆ ಎಂದೆ. ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: "ನನ್ನ ಮಾಸ ಎಲ್ಲಿ ಹುಗದಾರ ಗೊತ್ತೇನು ನಿನಗ? ಬೆಟಗೇರ್ಯಾಗ, ನಮ್ಮಾಯಿ ಮನಿ ಹಿತ್ತಲದಾಗ, ನುಗ್ಗಿ ಗಿಡದ ಬುಡಕ. ನಾಯಿ ಕೆದರಬಾರದಂತ ಮ್ಯಾಲೆ ಒಳ್ಳಕಲ್ಲು ಇಟ್ಟಿದ್ಲಂತ ಆಯಿ. ಕೂಸಿನ ಜೀವ ಅದರಾಗ ಇರ್ತೈತಿ ಅಂತಿದ್ಲು. ಅವರ ಪದ್ಧತಿ ಗೊತ್ತಿದ್ದಿಲ್ಲ, ಖರೆ. ನಂದೂ ಗೊತ್ತಿದ್ದಿಲ್ಲೇನು?" ನನ್ನಜ್ಜಿಯ ಹಿತ್ತಲಿನಲ್ಲೂ ಅಂಥ ಕಲ್ಲೊಂದಿತ್ತು, ಅದರ ಮೇಲೆ ಆಡಬೇಡಿ ಎಂದು ನಮ್ಮನ್ನು ಓಡಿಸುತ್ತಿದ್ದರು.

ನ್ಯೂಜೆರ್ಸಿಗೆ ವಾಪಸ್ ಬಂದ ಮೇಲೆ ಕೆಲವು ವಾರ ಸುದ್ದಿಯಿಲ್ಲ. ಒಂದು ಶುಕ್ರವಾರ ಫೋನ್ ಬಂತು. "ನಾಳೆ ಖಾಲಿ ಇದ್ದೀಯೇನು? ಬ್ರಿಡ್ಜ್‌ವಾಟರಿಗೆ ಹೋಗೂದೈತಿ. ನನಗ ಹೈವೇದಾಗ ಕಣ್ಣು ಕಾಣವಲ್ಲವು." ಏನು ಕೆಲಸ ಎಂದರೆ ಕಾರಿನಲ್ಲಿ ಹೇಳಿದರು. ಐಸ್‌ಕ್ರೀಂ ಡಬ್ಬಿ ಕತೆಯನ್ನು ಎಲ್ಲೆಲ್ಲಿ ಹೇಳಿದ್ದರೋ ಆ ಮನೆಗಳಿಗೆಲ್ಲ ಹೋಗುವುದು. ಕಡೆಗೆ ಹೇಳಿದ ಮನೆಯಿಂದ ಶುರುಮಾಡಿ ಹಿಂದಕ್ಕೆ, ಮೊದಲು ಹೇಳಿದಲ್ಲಿಗೆ. ಕೂತು ಉಳಿದರ್ಧ ಹೇಳುವುದು. ಆ ಕುಟುಂಬವನ್ನೇ ಹುಡುಕಬಾರದೇ ಎಂದೆ. ಪೇಷಂಟಿನ ವಿಷಯ ಕೆದಕುವ ಹಾಗಿಲ್ಲ, ಈಗಂತೂ ತಾನು ಹೊರಗಿನವಳು, ರೂಲ್ ಅಂದ್ರ ರೂಲ್ ಎಂದರು. ಸ್ವಲ್ಪ ದೂರ ಹೋದ ಮೇಲೆ ತಾವೇ, "ಈಗ ಕೇಳಿದವರಿಗೆ ಮಾಸ ಕೊಡ್ತಾರಂತ. ಹಳೇ ವಾರ್ಡಿಗೆ ಫೋನ್ ಮಾಡಿ ಕೇಳಿದೆ. ಒಂದು ಸೈನ್ ಮಾಡಿದ್ರ ಆತಂತ. ಮಂದಿಗಿಂತ ಮೊದಲ ರೂಲ್ ಸಾಯ್ತೈತಿ ನೋಡು" ಎಂದರು.

ಬ್ರಿಡ್ಜ್‌ವಾಟರಿನಲ್ಲಿ ಡಾಕ್ಟರ್ ದಂಪತಿಯ ದೊಡ್ಡ ಮನೆ. ಅವರ ಗೃಹಪ್ರವೇಶದಲ್ಲಿ ಆ ಕತೆಗೆ ಚಪ್ಪಾಳೆ ಬಿದ್ದಿತ್ತು. ಸಿಸ್ಟರ್ ಕಾಫಿ ಮುಟ್ಟದೆ, ಪಾಂಗ್ ಹೇಳಿದ್ದನ್ನೆಲ್ಲ ಹೇಳಿದರು. ಮನೆಯಾಕೆ ಕಣ್ಣು ಒದ್ದೆ ಮಾಡಿಕೊಂಡು, "ಅಯ್ಯೋ ಬಿಡಿ ಸಿಸ್ಟರ್, ನೀವು ಹಾಸ್ಪಿಟಲ್ ಪಾಲಿಸಿ ಫಾಲೋ ಮಾಡಿದ್ರಿ ಅಷ್ಟೆ. ಗಿಲ್ಟ್ ಇಟ್ಕೋಬೇಡಿ" ಎಂದರು. ಸಿಸ್ಟರಿಗೆ ಸಿಟ್ಟು ಬಂತು. "ನಾ ಕ್ಷಮಾ ಕೇಳಾಕ ಬಂದಿಲ್ಲ ಡಾಕ್ಟರ್. ಕ್ಷಮಾ ಮಾಡಾಕ ನೀವ್ಯಾರು? ಅವತ್ತು ನೀವು ನಕ್ಕಿರಲ್ಲ, ಆ ನಗಿ ವಾಪಸ್ ಇಸ್ಕೊಳ್ಳಾಕ ಬಂದೇನಿ" ಎಂದರು. ಮನೆಯಾಕೆ ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ನೋಡಿದೆ.

ಹೀಗೆ ಶನಿವಾರಗಳು ಕಳೆದವು. ಕೆಲವರು ಅತ್ತರು. ಕೆಲವರು ಮಾತು ಬದಲಿಸಿ ಸಮೋಸ ತಂದರು. ಸಿಸ್ಟರಿಗೆ ಅರಳುಮರಳು ಎಂದು ನನಗೆ ಮೆಸೇಜ್ ಹಾಕಿದವರೂ ಇದ್ದಾರೆ. ನನಗೇ ಒಂದೊಂದು ಸಲ ಬೇಸರ ಬರುತ್ತಿತ್ತು, ಯಾರಿಗೂ ಬೇಡದ ಪ್ರಾಯಶ್ಚಿತ್ತ ಇದು ಎನಿಸುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಫ್ಲೋರಲ್ ಪಾರ್ಕಿನದು. ಸಿಸ್ಟರ್ ಹಿಂದೆ ಬಾಡಿಗೆಗಿದ್ದು, ಆಮೇಲೂ ಹಬ್ಬಕ್ಕೆ ಹೋಗಿಬರುತ್ತಿದ್ದ ಮನೆಯ ಯಜಮಾನರು, ವಯಸ್ಸಾದ ರಾಯರು. ಅವರಿಗೆ ಕತೆಯೇ ಮರೆತುಹೋಗಿತ್ತು. ಮರೆತವರ ಹತ್ತಿರ ಏನನ್ನು ವಾಪಸ್ ಕೇಳುವುದು? ಹಾಗೆಂದು ಎದ್ದು ಬರಲು ಸಿಸ್ಟರ್ ಒಪ್ಪಲಿಲ್ಲ. ನೆನಪು ಮಾಡಿಸಲೆಂದು ಮೊದಲಿಂದ ಹೇಳಬೇಕಾಯಿತು, ಅಜ್ಜಿ, ಡಬ್ಬಿ, ಪಾರ್ಸಲ್. ಪಾರ್ಸಲ್ ಅಂದದ್ದೇ ರಾಯರು ಹೋ ಎಂದು ನಗಲು ಶುರುಮಾಡಿದರು. ಉಳಿದರ್ಧ ಹೇಳುವಾಗಲೂ ನಗುತ್ತಲೇ ಇದ್ದರು, ನಕ್ಕು ನಕ್ಕು ಕೆಮ್ಮು ಬಂತು, ಸಿಸ್ಟರೇ ಬೆನ್ನು ನೀವಿ ನೀರು ಕುಡಿಸಿದರು. ಹಿಲ್‌ಸೈಡ್ ಅವೆನ್ಯೂನಲ್ಲಿ ಸಿಗ್ನಲ್ಲಿಗೆ ನಿಂತಾಗ, "ತರಾಕ ಹೋಗಿ ಮತ್ತೊಂದು ಕೊಟ್ಟ ಬಂದೆ" ಎಂದರು. ಅವರು ಅತ್ತದ್ದನ್ನು ನಾನು ಕಂಡದ್ದು ಆಗ.

ಹೊಟ್ಟೆ ನೋವು ಎಂದು ತೋರಿಸಿಕೊಳ್ಳುವ ಹೊತ್ತಿಗೆ ಕ್ಯಾನ್ಸರ್ ಎಲ್ಲ ಕಡೆ ಹಬ್ಬಿತ್ತು. ಡಾಕ್ಟರುಗಳ ಮುಖ ಓದಲು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಅಟ್ಲಾಂಟಾದಿಂದ ತಮ್ಮನ ಮಗಳು ಬಂದು ನಿಂತಳು. ನಾನು ಹೋದಾಗಲೆಲ್ಲ ಒಂದೇ ಮಾತು: "ಇನ್ನ ಒಂದ ಮನಿ ಉಳದೈತಿ. ನಿಂದು."

"ನಾನು ನಿಮ್ಮ ಜೊತೆನೇ ಇದ್ದೆನಲ್ಲ ಸಿಸ್ಟರ್. ನಂಗೆ ಎಲ್ಲ ಗೊತ್ತು. ಹೇಳೋದಾದ್ರೆ ಇಲ್ಲೇ ಹೇಳಿ" ಎಂದೆ.

"ಇಲ್ಲಿ ಅಲ್ಲ. ನಿಮ್ಮನ್ಯಾಗ ಕುಂತ ಹೇಳಬೇಕು. ನೀನೊಬ್ಬಾಕಿ ಅಲ್ಲ, ನಿನ್ನ ಮಗನೂ ಇರಬೇಕು. ಅವತ್ತು ಹೊಟ್ಟ್ಯಾಗ ಕುಂತ ಅವನೂ ಕೇಳ್ಯಾನಲ್ಲ. ಅವ ಯಾವಾಗ ಬರ್ತಾನ?"

ಮಗ ಬಾಸ್ಟನ್ನಿನಲ್ಲಿ ಕೆಲಸಕ್ಕಿದ್ದಾನೆ. ಕ್ರಿಸ್ಮಸ್‌ಗೆ ಬರುತ್ತೇನೆಂದಿದ್ದ. ಸಿಸ್ಟರ್ ಅಲ್ಲಿಯವರೆಗೆ ಹಿಡಿದುಕೊಂಡಿದ್ದರು. ತಮ್ಮನ ಮಗಳ ಕೈಲಿ ಕರ್ಜಿಕಾಯಿಗೆ ಹೂರಣ ಕೂಡ ಮಾಡಿಸಿಟ್ಟಿದ್ದರಂತೆ. ಕಡೇ ಗಳಿಗೆಯಲ್ಲಿ ಅವನು ಗೆಳೆಯರ ಜೊತೆ ವರ್ಮಾಂಟಿಗೆ ಸ್ಕೀಯಿಂಗಿಗೆ ಹೋದ. "ನೆಕ್ಸ್ಟ್ ಮಂತ್ ಪಕ್ಕಾ, ಅಮ್ಮ" ಎಂದ. ವಿಷಯ ಏನೆಂದು ನಾನು ಅವನಿಗೆ ಒತ್ತಿ ಹೇಳಿರಲಿಲ್ಲ, ಫೋನಿನಲ್ಲಿ ಹೇಳುವ ವಿಷಯವೂ ಆಗಿರಲಿಲ್ಲ. ಸಿಸ್ಟರಿಗೆ ತಿಳಿಸಿದಾಗ, "ಹೋಗ್ಲಿ, ಆಡೂ ವಯಸ್ಸು" ಎಂದು ಗೋಡೆಯ ಕಡೆ ಹೊರಳಿದರು. ಮುಂದಿನ ತಿಂಗಳಲ್ಲಿ ಅವರಿಗೆ ಕಾರಿನವರೆಗೆ ನಡೆಯಲೂ ಆಗುತ್ತಿರಲಿಲ್ಲ. ಅದರ ಮುಂದಿನ ತಿಂಗಳು ಹೋದರು.

ಮಣ್ಣಿಗೆ ಮಗ ಬಂದಿದ್ದ. ಶವಪೆಟ್ಟಿಗೆಗೆ ಹೆಗಲನ್ನೂ ಕೊಟ್ಟ. ಚರ್ಚಿನ ಹಾಲಿನಲ್ಲಿ ಊಟದ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಅವರ ನೆನಪು ಹೇಳಿದರು. ಅಂಟಿನುಂಡೆ, ಗದರಿಕೆ, ಕಷಾಯ ಎಲ್ಲ ಬಂತು. ಅರ್ಧ ಹಾಲು ಆ ಡಬ್ಬಿ ಕತೆ ಕೇಳಿದವರೇ, ಆದರೆ ಯಾರೂ ಅದನ್ನು ಎತ್ತಲಿಲ್ಲ. ಅಷ್ಟರ ಮಟ್ಟಿಗೆ ಅವರ ಶನಿವಾರಗಳು ವ್ಯರ್ಥವಾಗಲಿಲ್ಲ ಎಂದುಕೊಂಡೆ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತಾಗ ಮಗ ಕೇಳಿದ: "ಸಿಸ್ಟರ್ ಆಂಟಿ ನಂಗೇನೋ ಹೇಳ್ಬೇಕಂತಿದ್ರಲ್ಲ, ವಾಟ್ ವಾಸ್ ಇಟ್?" ಹೊರಗೆ ಆಲಿಕಲ್ಲು ಮಳೆ ಕಿಟಕಿಗೆ ಬಡಿಯುತ್ತಿತ್ತು. ನಾನು ಹೇಳಿದೆ. ಅವನು ಹುಟ್ಟಿದ ವಾರವೇ ಬಂದಿದ್ದ ಅಜ್ಜಿ, ಡಬ್ಬಿ, ಪಾಂಗ್, ನಡುಮನೆಯ ಕಂಬ, ಬೆಟಗೇರಿಯ ನುಗ್ಗೆ ಗಿಡ. ಪಾರ್ಸಲ್ ಮಾತು ನನ್ನ ಬಾಯಲ್ಲಿ ಬರಲಿಲ್ಲ, ಕೊಡುವುದಿಲ್ಲ ಅಂದರು ಎಂದಷ್ಟೇ ಹೇಳಿದೆ. ಅವನು ನಗಲಿಲ್ಲ. ಕೈಯಲ್ಲಿದ್ದ ಲೋಟವನ್ನು ಟೇಬಲ್ ಮೇಲೆ ಸುಮ್ಮನೆ ತಿರುಗಿಸುತ್ತ ಕೂತ. ಆಮೇಲೆ ಕೇಳಿದ.

"ಸೇಮ್ ವೀಕ್, ರೈಟ್? ಹಾಗಾದ್ರೆ ನಂದು ಎಲ್ಲಿದೆ, ಅಮ್ಮ?"

ಸಿಸ್ಟರ್ ನಮ್ಮ ಮನೆಗೇ ಬರಬೇಕು, ಅವನೇ ಎದುರಿಗಿರಬೇಕು ಎಂದು ಯಾಕೆ ಹಟ ಹಿಡಿದಿದ್ದರೆಂದು ನನಗೆ ಆಗ ಗೊತ್ತಾಯಿತು. ನಗು ವಾಪಸ್ ಒಯ್ಯಲಿಕ್ಕಲ್ಲ, ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ. ಅವರು ಇದ್ದಿದ್ದರೆ ಸುತ್ತಿ ಬಳಸದೆ ಹೇಳುತ್ತಿದ್ದರು, ಆಸ್ಪತ್ರಿ ಕಸದ ಕೆಂಪು ಚೀಲಕ್ಕ ಹಾಕಿದೆ, ಮಗನ, ಈ ಕೈಯಿಂದನ. ನಾನು ಎದ್ದು ಹೋಗಿ, ಹಾಲು ಉಕ್ಕುತ್ತದೆಯೇನೋ ಎಂಬಂತೆ, ಆರಿದ ಒಲೆಯ ಮುಂದೆ ನಿಂತುಕೊಂಡೆ.